ಹೆಬ್ಬಲಸಿನ ಕೋವಿಯೊಂದಿಗೆ ಕಾಪುವಿಗೆ

ಡಿಸೆಂಬರಿನ ಒಂದು ಬೆಳಿಗ್ಗೆ ಏಳೂಕಾಲಿಗೆ ಕಾರ್ಕಳದ ನಮ್ಮ ಮನೆಯಿಂದ ಹೊರಟೆ. ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪನ ರೈಫಲ್ ಕ್ಯಾನ್ವಾಸ್ ಚೀಲದೊಳಗೆ ಮಲಗಿತ್ತು. ಗುಂಡನ್ನು ತಳ್ಳಿ ಕೂರಿಸುವ ಅದರ ಬೋಲ್ಟನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ನಾನು ಶಾಲೆಗೆ ಒಯ್ಯುತ್ತಿದ್ದ ಊಟದ ಚೀಲದಲ್ಲಿಟ್ಟಿದ್ದೆ. ಪರವಾನಗಿ ಪುಸ್ತಕ ಪರ್ಸಿನಲ್ಲಿತ್ತು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಕೋವಿಯ ಬಗ್ಗೆ ನನಗೆ ಗೊತ್ತಿದ್ದುದು ಅದು ಭಾರ ಎಂಬುದೊಂದೇ.

ಅಪ್ಪ ಹೋದ ಮೇಲೆ ಬೆಳೆ ರಕ್ಷಣೆಯ ಆ ಪರವಾನಗಿ ನನ್ನ ಹೆಸರಿಗೆ ಬಂತು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಮತ್ತೆ ತರಬೇಕು. ಹಾರಿಸಲು ಬಾರದವಳಿಗೆ ಈ ಉಪದ್ವ್ಯಾಪ ಏಕೆ? ಮೈಸೂರಿನ ಒಬ್ಬರು ಹಳೆಯ ಇಂಗ್ಲಿಷ್ ಕೋವಿಗಳನ್ನು ಕೊಳ್ಳುತ್ತಾರೆಂದು ತಿಳಿದು ಅವರಿಗೆ ಫೋನ್ ಮಾಡಿದ್ದೆ. ಮೊದಲು ಬೆಲೆ ಕಟ್ಟಿಸಿ ಎಂದರು. ಹಾಗಾಗಿ ಮಣಿಪಾಲಕ್ಕೆ ಹೊರಟಿದ್ದೆ. ಅಲ್ಲಿಂದ ಕಾಪುವಿಗೂ ಹೋಗಬೇಕಿತ್ತು. ಕೊನೆಯ ದಿನಗಳಲ್ಲಿ ಅಪ್ಪ ಎರಡು ಸಲ ಹೇಳಿದ್ದರು: “ಮಾರುವುದಾದರೆ ಮಾರು. ಆದರೆ ಬಾಬು ಆಚಾರಿಗೆ ಒಮ್ಮೆ ತೋರಿಸು.”

ಬೈಲೂರು ದಾಟುವವರೆಗೂ ಮಂಜಿತ್ತು. ಹಿರಿಯಡ್ಕದಲ್ಲಿ ಬಿಸಿಲು ಬಂತು. ಪರ್ಕಳದ ಏರಿನಲ್ಲಿ ಒಂದು ಲಾರಿಯ ಹಿಂದೆ ಹತ್ತು ನಿಮಿಷ ತೆವಳಿದೆ. ಮೂವತ್ತು ಕಿಲೋಮೀಟರಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಮೀನೆಣ್ಣೆಯ ವಾಸನೆ ಸಣ್ಣಗೆ ಬರುತ್ತಿತ್ತು. ಜೈನರ ಮನೆಯ ಕೋವಿಗೆ ಮೀನಿನ ವಾಸನೆ ಹೇಗೆ ಹತ್ತಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಊರು ಬಿಡುವಾಗ ನನ್ನ ಅಜ್ಜ ಕೊಂಡ ಕೋವಿ ಅದು. ಅಜ್ಜನಾಗಲಿ ಅಪ್ಪನಾಗಲಿ ಅದರಿಂದ ಒಂದು ಇಲಿಯನ್ನೂ ಕೊಂದವರಲ್ಲ. ಗದ್ದೆಗೆ ಹಂದಿ ಬಂದರೆ ಆಕಾಶಕ್ಕೆ ಒಂದು ಗುಂಡು, ಅಷ್ಟೆ. ನಮ್ಮ ಹಂದಿಗಳಿಗೂ ಅದು ತಿಳಿದಿತ್ತು. ಅವು ಓಡುತ್ತಿರಲಿಲ್ಲ, ಮರ್ಯಾದೆಗೆ ನಾಲ್ಕು ಹೆಜ್ಜೆ ಸರಿಯುತ್ತಿದ್ದವು. ಒಂದು ಮಳೆಗಾಲದಲ್ಲಿ ಅಪ್ಪ ಪಾದೆಕಲ್ಲಿನ ಮೇಲೆ ಜಾರಿ ಬಿದ್ದು, ಕೋವಿಯ ಮರ ಕೈ ಹಿಡಿಯುವ ಸಪೂರ ಜಾಗದಲ್ಲೇ ಮುರಿಯಿತು. ಅಂಥ ಮರ ಇಂಗ್ಲೆಂಡಿನಿಂದಲೇ ಬರಬೇಕೆಂದು ಮಂಗಳೂರಿನಲ್ಲಿ ಕೈಚೆಲ್ಲಿದರು.

ಬಾಬು ಆಚಾರಿ ಕಾಪುವಿನ ದೋಣಿ ಕಟ್ಟುವ ಮೇಸ್ತ್ರಿ. ದೋಣಿಯ ಪಕ್ಕೆಗೆ ತಾನಾಗಿ ಬಾಗಿ ಬೆಳೆದ ಕೊಂಬೆಗಳು ಬೇಕು. ಅವನ್ನು ಹುಡುಕಿಕೊಂಡು ಅವರು ಪ್ರತಿವರ್ಷ ನಮ್ಮ ಗುಡ್ಡಕ್ಕೆ ಬರುತ್ತಿದ್ದರು, ಹೆಬ್ಬಲಸಿನ ಮರಗಳನ್ನು ಸುತ್ತಿ ಸುತ್ತಿ ನೋಡುತ್ತಿದ್ದರು. ಊಟ ನಮ್ಮಲ್ಲೇ. ಆ ವರ್ಷ ಮುರಿದ ಕೋವಿಯನ್ನು ನೋಡಿ, ಇಷ್ಟೇ ಬಾಗಿದ ಕೊಂಬೆ ನಿಮ್ಮ ಗುಡ್ಡದಲ್ಲೇ ಉಂಟು ಎಂದರು. ಹದಿನೈದು ದಿನ ಅಂಗಳದಲ್ಲಿ ಕೂತು ಹೊಸ ಮರ ಕಡೆದು ಕೂರಿಸಿದರು. ಕೊನೆಗೆ, ದೋಣಿಗೆ ಬಳಿಯುವ ಅಭ್ಯಾಸದ ಕೈ ತಾನಾಗಿ ಹೋಗಿ, ಮೂರು ಸಲ ಮೀನೆಣ್ಣೆ ತಿಕ್ಕಿತು.

ನವರಾತ್ರಿಯ ಆಯುಧ ಪೂಜೆಯಂದು ಕುಂಕುಮ ಹಚ್ಚಲು ಬಗ್ಗಿದ ಅಜ್ಜಿ ಮೂಗು ಮುಚ್ಚಿ ಹಿಂದೆ ಸರಿದರು. ಕೋವಿ ಅಂದೇ ಚಾವಡಿಯ ಹೊರಗಿನ ಮೊಳೆಗೆ ಹೋಯಿತು. ಆಚಾರಿಗೆ ಯಾರೂ ಏನೂ ಹೇಳಲಿಲ್ಲ, ಆದರೆ ಸುದ್ದಿ ಕಾಪುವಿಗೆ ತಲುಪಿತು. ಬಸದಿಗೆ ಹೋಗುವವರ ಮನೆಗೆ ಮೀನು ಹೊಗಿಸಿದೆನಲ್ಲ ಎಂದು ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ನಲವತ್ತು ವರ್ಷವಾಯಿತು. ಅಪ್ಪ ಕಾಪುವಿಗೆ ಹೋಗಿ ಕರೆದಾಗಲೆಲ್ಲ ಅವರಿಗೆ ಕೆಲಸವಿರುತ್ತಿತ್ತು.

ಮಣಿಪಾಲದ ಕಾಮತರು ಸೈನ್ಯದ ಶಸ್ತ್ರಾಗಾರದಲ್ಲಿ ದುಡಿದು ನಿವೃತ್ತರಾದವರು. ಮೂರನೆಯ ಮಾಳಿಗೆಯ ಮನೆಯಲ್ಲಿ ಊಟದ ಮೇಜಿಗೆ ಬಿಳಿ ಪಂಚೆ ಹಾಸಿ ಕಾದಿದ್ದರು. ಮೊದಲು ಪರವಾನಗಿ ನೋಡಿದರು, ಆಮೇಲೆ ಕೋವಿ. ನಳಿಗೆಯ ಮೇಲೆ ಲಂಡನ್ನಿನ ಒಂದು ಬೀದಿಯ ಹೆಸರು ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿತ್ತು. ಅಷ್ಟು ವರ್ಷ ನಾನು ಓದಿರಲೇ ಇಲ್ಲ. ಗುರಿ ನೋಡುವ ಮೂರು ಮಡಚು ತಗಡುಗಳನ್ನು ಅವರು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ, ನೂರು, ಇನ್ನೂರು, ಮುನ್ನೂರು ಗಜಕ್ಕೆ ಒಂದೊಂದನ್ನೂ ಅರದಲ್ಲಿ ಕೈಯಿಂದಲೇ ತಿಕ್ಕಿದ್ದು ಎಂದರು. ಬೋಲ್ಟನ್ನು ಎರಡು ಬೆರಳಲ್ಲಿ ತಳ್ಳಿದರು. ಸದ್ದಿಲ್ಲದೆ ಹೋಗಿ ಕೂತಿತು. ಆಮೇಲೆ ಸ್ಕ್ರೂಗಳನ್ನು ತೋರಿಸಿದರು. ಪ್ರತಿಯೊಂದರ ತಲೆಯ ಗೀರೂ ನಳಿಗೆಯ ದಿಕ್ಕಿಗೇ ನೆಟ್ಟಗೆ ನಿಂತಿತ್ತು. ಒಳ್ಳೆಯ ಕೆಲಸಗಾರನ ಗುರುತು ಅದಂತೆ.

ಹೊಸದಾಗಿ ಮಾಡಿಸಿದರೆ ಎಷ್ಟು ಎಂದು ಕೇಳಿದೆ. ಮಣಿಪಾಲದಲ್ಲಿ ಒಂದು ಫ್ಲಾಟ್ ಬರ್ತದೆ ಎಂದು ನಕ್ಕರು. ಅಲ್ಲಿ ಕೊಳ್ಳುವವನ ತೋಳು, ಭುಜ, ಕೆನ್ನೆಯ ಅಳತೆ ತೆಗೆದು ಅವನೊಬ್ಬನಿಗೆಂದೇ ಮರ ಕಡೆಯುತ್ತಾರೆ; ಬೆಲೆಯ ದೊಡ್ಡ ಪಾಲು ಆ ಅಳತೆಗೇ. ನಮ್ಮದರ ಹಳೆಯ ಮರ ಉಳಿದಿದ್ದರೆ ಎಂಟು ಲಕ್ಷದವರೆಗೆ ಹೋಗಬಹುದಿತ್ತು. ಈಗ ಎರಡೂವರೆ ಸಿಕ್ಕರೆ ಹೆಚ್ಚು. ವಿಲಾಯಿತಿ ವಾಲ್ನಟ್ ಮರ ತರಿಸಿ ಹಾಕಿಸಿದರೆ ಬೆಲೆ ಸ್ವಲ್ಪ ಏರಬಹುದು. ಇದನ್ನು ತೆಗೆದು ಬಿಸಾಡಬೇಕು, ಅಷ್ಟೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಕೋವಿಯ ಲೆಕ್ಕ ಬೇರೆ ಎಂದುಕೊಂಡೆ.

ಚೀಲಕ್ಕೆ ಹಾಕುವ ಮೊದಲು ಕಾಮತರು ಕೋವಿಯ ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಆಚಾರಿ ಹಾಕಿದ ಎರಡು ಸ್ಕ್ರೂ ಹಿತ್ತಾಳೆಯವು, ದೋಣಿಗೆ ಹಾಕುವಂಥವು. ಅವುಗಳ ಗೀರುಗಳೂ ನಳಿಗೆಯ ದಿಕ್ಕಿಗೇ ನಿಂತಿದ್ದವು.

“ಇವನಿಗೆ ಯಾರೂ ಹೇಳಿಕೊಟ್ಟದ್ದಲ್ಲ,” ಎಂದರು. “ಲಂಡನ್ನಿನವನ ಕೆಲಸ ನೋಡಿಯೇ ತಿಳಿದುಕೊಂಡಿದ್ದಾನೆ. ಈ ಉಪ್ಪು ಗಾಳಿಗೆ ಮರ ಒಂದು ಕೂದಲಿನಷ್ಟೂ ಸೀಳಿಲ್ಲ, ಹುಳ ಹಿಡಿದಿಲ್ಲ. ಎಂತ ಎಣ್ಣೆ ಹಾಕಿದ್ದು ಅವನು?”

ನಾನು ಹೇಳಿದೆ. ಅವರು ಮೂಗಿನ ಹತ್ತಿರ ತಂದು ನೋಡಿ, ತಲೆದೂಗಿದರು.

ಉಡುಪಿಯಲ್ಲಿ ಹಸಿವಾಯಿತು. ಕೋವಿಯನ್ನು ಕಾರಿನಲ್ಲಿ ಬಿಟ್ಟು ಹೋಟೆಲಿಗೆ ಹೋಗುವಂತಿಲ್ಲ, ಹೆಗಲಿಗೆ ಹಾಕಿಕೊಂಡು ಹೋದರೆ ಹೋಟೆಲೇ ಖಾಲಿಯಾದೀತು. ಸಪ್ಲೈಯರನ್ನು ಕರೆದು ಎರಡು ಬನ್ಸ್, ಒಂದು ಕಾಫಿ ಕಾರಿಗೇ ತರಿಸಿದೆ, ತೊಂಬತ್ತು ರೂಪಾಯಿ. ಕಟಪಾಡಿಯಲ್ಲಿ ರಸ್ತೆ ಬದಿಗೆ ಮಟ್ಟುಗುಳ್ಳ ಮಾರುತ್ತಿದ್ದರು. ಗುಳ್ಳವೆಂದರೆ ಬದನೆ, ಅದು ಜೈನರ ಮನೆಗೆ ಬರುವುದಿಲ್ಲ. ಆಚಾರಿಯ ಮನೆಗೆ ಆಗುತ್ತದಲ್ಲ ಎಂದು ಎರಡು ಕಿಲೋ ಕಟ್ಟಿಸಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವರು ಕೇಳಿದರೆ ಏನು ಹೇಳಲಿ? ಎಂಟು ಲಕ್ಷದ್ದು ಎರಡೂವರೆ ಆಯಿತು ಎನ್ನಲೇ?

ಕಾಪುವಿನ ಲೈಟ್‌ಹೌಸಿನಿಂದ ಸ್ವಲ್ಪ ತೆಂಕಕ್ಕೆ, ತೆಂಗಿನ ಮರಗಳ ನಡುವೆ ಅವರ ಹೆಂಚಿನ ಮನೆ. ಅಂಗಳದಲ್ಲಿ ದೋಣಿಯೇನೂ ಇರಲಿಲ್ಲ. ಈಗ ಎಲ್ಲವೂ ಫೈಬರ್. ಸೊಸೆ ನೀರು ಬೆಲ್ಲ ತಂದಿಟ್ಟಳು. ಆಚಾರಿಗೆ ಎಂಬತ್ತು ದಾಟಿದೆ. ಅಪ್ಪ ಹೋದ ಸುದ್ದಿ ಅವರಿಗೆ ತಿಳಿದಿತ್ತು. ಆಮೇಲೆ ಚೀಲ ಬಿಚ್ಚಿ ಕೋವಿಯನ್ನು ಅವರ ತೊಡೆಯ ಮೇಲಿಟ್ಟೆ. ಕಣ್ಣು ಮಂಜಾದ್ದರಿಂದ ಅವರು ಬೆರಳಲ್ಲೇ ನೋಡಿದರು. ಬೆರಳು ಹಿತ್ತಾಳೆಯ ಸ್ಕ್ರೂಗಳ ಮೇಲೆ ನಿಂತಿತು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ತಿಳಿದವರಿಗೆ ತೋರಿಸಿದಿರಾ ಅಮ್ಮ?” ಎಂದರು. “ಅವರು ಎಂತ ಹೇಳಿದರು? ನಾನು ಇದನ್ನು ಹಾಳು ಮಾಡಿದೆನಾ?”

ಸುಳ್ಳು ಹೇಳಬಹುದಿತ್ತು. ಆದರೆ ತಪ್ಪು ಉತ್ತರಕ್ಕೆ ಅಂಕ ಕೊಟ್ಟು ನನಗೆ ಅಭ್ಯಾಸವಿಲ್ಲ. “ಬೆಲೆ ಇಳಿದಿದೆ,” ಎಂದೆ. “ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದೆ. ಕೋವಿ ಹಾಳಾಗಿಲ್ಲ. ಒಂದು ಸೀಳೂ ಇಲ್ಲ, ಆ ಎಣ್ಣೆಯಿಂದಲೇ ಎಂದು ಕಾಣುತ್ತದೆ. ನಿಮ್ಮ ಸ್ಕ್ರೂ ನೋಡಿ, ಯಾರೂ ಹೇಳಿಕೊಡದೆ ತಿಳಿದುಕೊಂಡ ಕೈ ಎಂದರು.”

ನಾನು ಇನ್ನೊಂದು ಹೇಳಿದೆ: ಗುಡ್ಡದಲ್ಲಿ ಮರ ನೋಡುವ ತಿಂಗಳು ಬಂದಾಗಲೆಲ್ಲ ಅಜ್ಜಿ ಅಂಗಳಕ್ಕೆ ಬಂದು, ಆಚಾರಿ ಈ ವರ್ಷವೂ ಬರಲಿಲ್ಲವೇ ಎಂದು ಕೇಳುತ್ತಿದ್ದರು. ಹೊರಗೆ ಹಾಕಿದ್ದು ಕೋವಿಯನ್ನು, ನಿಮ್ಮನ್ನಲ್ಲ. ಆಚಾರಿ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡರು.

“ಒಮ್ಮೆ ಹೆಗಲಿಗೆ ಹಿಡಿಯಿರಿ,” ಎಂದರು ಆಮೇಲೆ.

ಮಣಿಪಾಲದಲ್ಲೇ ಮತ್ತೆ ಬಿಚ್ಚಿದ್ದ ಬೋಲ್ಟ್ ಊಟದ ಚೀಲದಲ್ಲಿತ್ತು. ಜೀವಮಾನದಲ್ಲಿ ಮೊದಲ ಸಲ ಕೋವಿಯನ್ನು ಹೆಗಲಿಗೇರಿಸಿ ಕಡಲಿನ ಕಡೆ ತಿರುಗಿದೆ. ಎಲ್ಲೂ ಎಳೆಯಲಿಲ್ಲ, ಒತ್ತಲಿಲ್ಲ. ಕೈ ತಾನಾಗಿ ಹೋಗಿ ಸಪೂರ ಜಾಗದಲ್ಲಿ ಕೂತಿತು, ಕೆನ್ನೆ ಮರಕ್ಕೆ ತಾಗಿತು. ಅಪ್ಪನ ಕೆನ್ನೆ ತಾಗುತ್ತಿದ್ದ ಜಾಗ ಅದು. ಆಚಾರಿ ಎದ್ದು ನನ್ನ ಮೊಣಕೈಯನ್ನು ಮುಟ್ಟಿ ನೋಡಿದರು. ದೊರೆಯ ಅಳತೆಯ ಮರ ಅಪ್ಪನಿಗೆ ಉದ್ದವಾಗಿ, ಹಾರಿಸಿದಾಗಲೆಲ್ಲ ಭುಜ ನೀಲಿಗಟ್ಟುತ್ತಿತ್ತಂತೆ. ಅದಕ್ಕೇ ಅವರು ಅಪ್ಪನ ತೋಳಿಗೆ ಹುರಿ ಹಿಡಿದು, ಗಂಟು ಹಾಕಿ, ಆ ಅಳತೆಗೆ ಕಡೆದಿದ್ದರು.

“ನಿಮ್ಮ ಅಪ್ಪ ಹೆಗ್ಡೇರ ತೋಳೇ ನಿಮಗೂ ಬಂದಿದೆ,” ಎಂದರು. “ಬೆಲೆ ಇಳಿದದ್ದು ಒಳ್ಳೆಯದೇ ಆಯಿತು. ಯಾರೂ ಕೊಂಡುಹೋಗುವುದಿಲ್ಲ, ಮನೆಯಲ್ಲೇ ಉಳೀತದೆ.”

ಮೈಸೂರಿಗೆ ಅಲ್ಲಿಂದಲೇ ಫೋನ್ ಮಾಡಿ, ಕೊಡುವುದಿಲ್ಲ ಎಂದೆ. ಕೊಂಬೆ ಕಡಿದ ಆ ಹೆಬ್ಬಲಸು ಇನ್ನೂ ಉಂಟಾ ಎಂದು ಆಚಾರಿ ಕೇಳಿದರು. ಉಂಟು, ನೋಡುವುದಾದರೆ ಈಗಲೇ ಹೊರಡಿ, ನಾಳೆ ನಾನೇ ತಂದು ಬಿಡುತ್ತೇನೆ ಎಂದೆ. ಸೊಸೆ ನಗುತ್ತ ಒಂದು ಜೊತೆ ಬಟ್ಟೆಯನ್ನು ಚೀಲಕ್ಕೆ ಹಾಕಿದಳು. ಈ ಸಲ ಅವರಿಗೆ ಕೆಲಸವೇನೂ ಇರಲಿಲ್ಲ.

ಶಿರ್ವ, ಬೆಳ್ಮಣ್ ದಾರಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಅವರು ಮರಗಳ ಬಗ್ಗೆಯೇ ಮಾತಾಡಿದರು. ಮನೆ ಮುಟ್ಟಿದಾಗ ಐದೂಕಾಲು. ಸೂರ್ಯ ಮುಳುಗುವ ಮೊದಲು ನಮ್ಮಲ್ಲಿ ಊಟ ಮುಗಿಯಬೇಕು. ಮರ ನಾಳೆ ನೋಡಿದರಾಯಿತು ಎಂದು ಬೀಗ ತೆಗೆದೆ. ಕೋವಿಯನ್ನು ಎಂದಿನಂತೆ ಹೊರಗಿನ ಮೊಳೆಗೆ ಹಾಕಿದೆ. ಹಿಂದಿರುಗಿ ನೋಡಿದರೆ ಆಚಾರಿ ಮೆಟ್ಟಿಲ ಕೆಳಗೇ ನಿಂತಿದ್ದರು.

“ಇನ್ನೂ ವಾಸನೆ ಉಂಟಲ್ಲ ಅಮ್ಮ,” ಎಂದರು ಮೆಲ್ಲಗೆ.

“ಉಂಟು,” ಎಂದೆ. ಮೊಳೆಯಿಂದ ಕೋವಿಯನ್ನು ತೆಗೆದು, ಇನ್ನೊಂದು ಕೈಯಲ್ಲಿ ಅವರ ಕೈ ಹಿಡಿದು, ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದೆ.