ಖುದ್ದು ಹಾಜರಿದ್ದ ಅಧ್ಯಕ್ಷರು

ಸತ್ತವರೊಬ್ಬರು ನನ್ನೆದುರು ಕುಳಿತು ವಿವರಣೆ ಕೊಟ್ಟರು ಎಂದು ನಾನು ನಾಲ್ಕು ಸಲ ಬರೆದು ಸಹಿ ಹಾಕಿದ್ದೇನೆ. ಮೊದಲ ಮೂರು ಸಲ ಅವರು ಸತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಸಲ — ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಅವರು ನಿಮ್ಮ ತಂದೆ, ಸ್ಟೆಲ್ಲಾ.

ನಾನು ವನಜಾಕ್ಷಿ. ನಗರ ಪಾಲಿಕೆಯ ಕಲ್ಯಾಣ ವಿಭಾಗದಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮಾತಾಡುತ್ತಿದ್ದ ಆ ಮೇಡಂ. ಈಗ ನಿವೃತ್ತಳಾಗಿ ವಿಮಾನಪುರದ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಬೇಕರಿಯಲ್ಲಿ ನೀವು ನನ್ನನ್ನು ಗುರುತು ಹಿಡಿದು ಮಾತಾಡಿಸಿದಿರಿ, ಒಂದು ಮಾತು ಕೇಳಿದಿರಿ. ಅದಕ್ಕೆ ನಾನು ಕೊಟ್ಟ ಉತ್ತರ ಸುಳ್ಳು. ಆ ಸುಳ್ಳನ್ನು ನುಂಗಿಕೊಂಡು ಬದುಕಿಬಿಡಬಹುದೆಂದು ನಾಲ್ಕೈದು ದಿನ ಅಂದುಕೊಂಡೆ. ಆಗಲಿಲ್ಲ.

ಪಾಲಿಕೆ ಯಾವ ಸಂಘಕ್ಕೆ ಅನುದಾನ ಕೊಡಬೇಕು, ಯಾವುದಕ್ಕೆ ಬೇಡ ಎಂದು ಹೇಗೆ ತೀರ್ಮಾನಿಸುತ್ತದೆ ಎಂಬ ಬಗ್ಗೆ ಹೊರಗಿನವರಿಗೆ ದೊಡ್ಡ ಕಲ್ಪನೆ ಇರುತ್ತದೆ. ಅಂಥದ್ದೇನೂ ಇಲ್ಲ. ಅರ್ಜಿ ಬರುತ್ತದೆ. ಅದರ ಜೊತೆಗೆ ಸ್ಥಳ ಪರಿಶೀಲನಾ ವರದಿ ಎಂಬ ಎರಡು ಪುಟ ಸೇರುತ್ತದೆ. ಸಮಿತಿಯವರು ಕಾಫಿ ಕುಡಿಯುತ್ತಾ ಪಟ್ಟಿ ನೋಡಿ ಟಿಕ್ ಹಾಕುತ್ತಾರೆ. ಅವರಲ್ಲಿ ಒಬ್ಬರೂ ಹಲಸೂರಿನ ಗಲ್ಲಿಗಾಗಲಿ ಶಿವಾಜಿನಗರದ ಮಹಡಿ ಮೆಟ್ಟಿಲಿಗಾಗಲಿ ಕಾಲಿಟ್ಟವರಲ್ಲ. ಅವರ ಪರವಾಗಿ ನೋಡಿ ಬರಬೇಕಾದವರು ನಾವು. ನಾವು ಬರೆದದ್ದೇ ಅವರಿಗೆ ಊರು.

ಆದರೆ ನಮಗೂ ಹೋಗಲು ಪುರುಸೊತ್ತಿಲ್ಲ! ಇರುವ ಒಂದು ಜೀಪು ಸದಾ ಸಾಹೇಬರ ಮನೆಯ ಮುಂದೆ. ಅರ್ಜಿಗಳೆಲ್ಲ ಬಂದು ಬೀಳುವುದು ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ. ಹಾಗಾಗಿ ನಮ್ಮಲ್ಲಿ ಒಂದು ರೂಢಿ ಇತ್ತು — ಅದಕ್ಕೆ ‘ಮೇಜಿನ ಪರಿಶೀಲನೆ’ ಎಂದು ನಗುತ್ತಾ ಹೆಸರಿಟ್ಟಿದ್ದೆವು. ಹೊಸ ಸಂಘವಾದರೆ ಒಮ್ಮೆ ಹೋಗಿ ನೋಡುವುದು. ಮರುವರ್ಷದಿಂದ ಕಂಪ್ಯೂಟರಿನಲ್ಲಿ ಹಳೆಯ ವರದಿ ತೆರೆದು, ದಿನಾಂಕ ಬದಲಿಸಿ, ಮುದ್ರಿಸಿ ಸಹಿ ಹಾಕುವುದು. ಅದು ತಪ್ಪೆಂದು ಯಾರಿಗೂ ಅನಿಸುತ್ತಿರಲಿಲ್ಲ. ನನಗಂತೂ ಸ್ವಲ್ಪವೂ ಅನಿಸುತ್ತಿರಲಿಲ್ಲ, ಏಕೆಂದರೆ ನಾನು ಯಾರ ಕೈಯಿಂದಲೂ ಒಂದು ಲೋಟ ಕಾಫಿಯನ್ನೂ ಮುಟ್ಟಿದವಳಲ್ಲ. ಆಫೀಸಿನಲ್ಲಿ ನನ್ನನ್ನು ‘ಸ್ಟ್ರಿಕ್ಟ್ ವನಜಾಕ್ಷಿ’ ಎನ್ನುತ್ತಿದ್ದರು. ಆ ಹೆಸರಿನ ಮೇಲೆ ನನಗೆ ಎಷ್ಟು ಜಂಬವಿತ್ತೆಂದರೆ — ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ನಿಮ್ಮ ತಂದೆಯನ್ನು ನಾನು ನಿಜವಾಗಿಯೂ ಒಮ್ಮೆ ಕಂಡಿದ್ದೆ. ಇದನ್ನು ನಿಮಗೆ ಹೇಳಲೇಬೇಕು. ಮೊದಲ ವರ್ಷ ಹಲಸೂರಿನ ಆ ಗಲ್ಲಿಗೆ ಹೋದೆ. ತಗಡಿನ ಮಾಡಿನ ಒಂದೇ ಕೋಣೆ, ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಹುಡುಗಿಯರು ಚಾಪೆಯ ಮೇಲೆ. ಆರೋಗ್ಯಸ್ವಾಮಿ ಮೇಷ್ಟ್ರು ಬಿಳಿ ಅಂಗಿಯ ತೋಳು ಮಡಚಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಇದ್ದ ಒಂದೇ ಕುರ್ಚಿಯನ್ನು ಒರೆಸಿ ನನ್ನನ್ನು ಕೂರಿಸಿದರು. “ಫೇಲಾದ್ರೆ ಮಕ್ಕಳು ಮುಖ ಮುಚ್ಕೊಂಡು ಕೆಲಸಕ್ಕೆ ಹೋಗ್ಬಿಡ್ತವೆ ಮೇಡಂ. ಇನ್ನೊಂದ್ಸಲ ಕೂತ್ರೆ ಪಾಸಾಗ್ತವೆ. ಕೂರಿಸೋಕೆ ಒಂದ್ ಜಾಗ ಬೇಕು, ಅಷ್ಟೇ,” ಎಂದರು. ನಾನು ಮನಸಾರೆ ಬರೆದೆ: ಅಧ್ಯಕ್ಷರು ಖುದ್ದು ಹಾಜರಿದ್ದು ಸಮರ್ಪಕ ವಿವರಣೆ ನೀಡಿದರು. ಮಕ್ಕಳು ಎದ್ದು ನಿಂತು ವಂದಿಸಿದರು. ಆ ವರ್ಷದ ಮಟ್ಟಿಗೆ ಅದರ ಒಂದೊಂದು ಅಕ್ಷರವೂ ನಿಜ.

ಆಮೇಲಿನ ವರ್ಷಗಳಲ್ಲಿ ಅದೇ ಅಕ್ಷರಗಳು, ಬೇರೆ ದಿನಾಂಕಗಳು. ಸಂಘದ ಕಾರ್ಯದರ್ಶಿ ನವೀಕರಣದ ಅರ್ಜಿಯನ್ನು ತಪ್ಪದೆ ತಂದುಕೊಡುತ್ತಿದ್ದರು — ತುಂಬಾ ವಿನಯದ ಮನುಷ್ಯ, ಮಾತುಮಾತಿಗೂ ಕೈ ಮುಗಿಯುವವರು. ಅಧ್ಯಕ್ಷರ ಸಹಿ ಇರುವ ಕಡೆ ಸಹಿ ಇರುತ್ತಿತ್ತು. ನಾನು ಅದನ್ನು ಹಳೆಯದರ ಜೊತೆ ಇಟ್ಟು ನೋಡಲಿಲ್ಲ. ಏಕೆ ನೋಡಬೇಕು? ನಾನು ಹೋಗಿ ಬಂದ ಜಾಗವಲ್ಲವೇ ಅದು, ಮಕ್ಕಳು ಎದ್ದು ನಿಂತಿದ್ದರಲ್ಲವೇ...

ಮೂರನೆಯ ನಕಲು ಸಮಿತಿಗೆ ಹೋದ ಮಾರನೇ ವಾರ ನಿಮ್ಮ ಅರ್ಜಿ ನನ್ನ ಮೇಜಿಗೆ ಬಂತು. ಹೊಸ ಸಂಘ, ಹಲಸೂರು, ಎಸ್ಸೆಸ್ಸೆಲ್ಸಿ ಅನುತ್ತೀರ್ಣರಿಗೆ ಸಂಜೆ ಪಾಠ. ಚರ್ಚಿನ ಹಿಂದಿನ ವರಾಂಡದಲ್ಲಿ ನಡೆಯುತ್ತಿದೆ, ಅಲ್ಲಿ ದುರಸ್ತಿ ಶುರುವಾಗುವುದರಿಂದ ಖಾಲಿ ಮಾಡಬೇಕು, ಒಂದು ಕೋಣೆಯ ಬಾಡಿಗೆಗೆ ನೆರವು ಬೇಕು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಿರಿ. ನಮ್ಮಲ್ಲಿ ಒಂದು ನಿಯಮ ಇತ್ತು: ಒಂದು ವಾರ್ಡಿನಲ್ಲಿ ಒಂದು ಬಗೆಯ ಕೆಲಸಕ್ಕೆ ಒಂದೇ ಸಂಸ್ಥೆ. ಪಟ್ಟಿ ನೋಡಿದೆ. ಆ ಕೆಲಸಕ್ಕೆ ಆಗಲೇ ಒಂದು ಸಂಸ್ಥೆ ಇತ್ತು. ಅದರ ಹೆಸರನ್ನೂ ಪೂರ್ತಿ ಓದದೆ ಅರ್ಜಿಯ ಮೂಲೆಯಲ್ಲಿ ‘ಪರಿಗಣಿಸಲು ಅವಕಾಶವಿಲ್ಲ’ ಎಂದು ಬರೆದೆ. ಅರ್ಧ ನಿಮಿಷದ ಕೆಲಸ.

ಅರ್ಜಿ ತಿರಸ್ಕರಿಸಿದ ಹಿಂಬರಹ ತಲುಪಿ ನೀವು ಕಚೇರಿಗೆ ಬಂದಿರಿ. ಜಗಳಕ್ಕೆ ಬಂದಿರಬಹುದೆಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ನೀವು ಜಗಳವಾಡಲಿಲ್ಲ.

“ಪರವಾಗಿಲ್ಲ ಮೇಡಂ. ಆ ಇನ್ನೊಂದು ಸೆಂಟರ್ ಯಾವ್ದು ಅಂತ ಹೇಳ್ಬಿಡಿ ಸಾಕು. ನನ್ ಮಕ್ಕಳನ್ನ ಅಲ್ಲಿಗೇ ಕರ್ಕೊಂಡ್ ಹೋಗಿ ಸೇರಿಸ್ತೀನಿ.”

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ತಮಗೆ ಸಿಗದಿದ್ದರೆ ಇನ್ನೊಬ್ಬರ ಮೇಲೆ ದೂರು ಬರೆಯುವವರೇ ಎಲ್ಲರೂ. ನಾನು ತಬ್ಬಿಬ್ಬಾದೆ. “ಕೂತ್ಕೊಳ್ಳಮ್ಮ, ಕಡತ ಒಳಗಿದೆ, ನಾಳಿದ್ದು ಬನ್ನಿ, ನೋಡಿ ಹೇಳ್ತೀನಿ,” ಎಂದೆ. ನೀವು ನೀರು ಕುಡಿದು ಹೋದಿರಿ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಆ ಕಡತ ತರಿಸಿದೆ. ನಿಮ್ಮ ಅರ್ಜಿ ಇನ್ನೂ ಮೇಜಿನ ಮೇಲೇ ಇತ್ತು. ಅದರ ಮೇಲೆ ಇದನ್ನಿಟ್ಟು ಹೆಸರು ಹುಡುಕಿದೆ. ಅಧ್ಯಕ್ಷರು: ಆರೋಗ್ಯಸ್ವಾಮಿ. ಓಹೋ ಆ ಮೇಷ್ಟ್ರು, ಒಳ್ಳೆಯವರು, ಈ ಹುಡುಗಿಯನ್ನು ಕಳಿಸಿದರೆ ಖಂಡಿತ ಸೇರಿಸಿಕೊಳ್ಳುತ್ತಾರೆ ಎಂದು ಸಂತೋಷವೇ ಆಯಿತು. ವಿಳಾಸ ಬರೆದುಕೊಳ್ಳಲು ಚೀಟಿ ಎಳೆದುಕೊಂಡಾಗ ಕೆಳಗಿದ್ದ ನಿಮ್ಮ ಅರ್ಜಿ ಕಣ್ಣಿಗೆ ಬಿತ್ತು. ಅರ್ಜಿದಾರರು: ಸ್ಟೆಲ್ಲಾ. ತಂದೆಯ ಹೆಸರು: ದಿವಂಗತ ಆರೋಗ್ಯಸ್ವಾಮಿ.

ಒಂದೇ ಮೇಜು, ಎರಡು ಕಡತ. ಒಂದರಲ್ಲಿ ಅವರು ದಿವಂಗತರು, ಇನ್ನೊಂದರಲ್ಲಿ ಖುದ್ದು ಹಾಜರು. ಬೇರೆ ಯಾರೋ ಆರೋಗ್ಯಸ್ವಾಮಿ ಇರಬಹುದು — ಹಲಸೂರಿನಲ್ಲಿ ಆ ಹೆಸರಿನವರಿಗೇನು ಬರವೇ? — ಎಂದು ಹೇಳಿಕೊಳ್ಳುತ್ತಲೇ ಆಟೋ ಹತ್ತಿದೆ. ಪಾಠದ ಕೋಣೆಯಲ್ಲಿ ನೀರಿನ ಕ್ಯಾನುಗಳನ್ನು ಮಾಡಿನವರೆಗೆ ಪೇರಿಸಿದ್ದರು. ಎದುರಿನ ಮನೆಯ ಹೊಸ್ತಿಲಲ್ಲಿ ಹೂ ಕಟ್ಟುತ್ತಿದ್ದ ಹೆಂಗಸನ್ನು ಕೇಳಿದೆ.

“ಮೇಷ್ಟ್ರಾ? ಅವ್ರು ಹೋಗ್ಬಿಟ್ರಲ್ಲಮ್ಮ. ಮೂರು ವರ್ಷ ಆಗ್ತಾ ಬಂತು. ಸಂಘಾನೂ ಅವ್ರ ಜೊತೆಗೇ ಮುಚ್ಚಿಹೋಯ್ತು. ಮಗಳು ಆ ಪಿಳ್ಳೆಗಳನ್ನ ಚರ್ಚ್ ಹಿಂದಕ್ಕೆ ಕರ್ಕೊಂಡ್ ಹೋದ್ಳು. ಪಾಪ, ಒಬ್ಳೇ ನಡೆಸ್ತಾಳೆ,” ಎಂದು ಅವರು ದಾರವನ್ನು ಹಲ್ಲಿನಿಂದ ಕಡಿದರು.

ನಾನು ಅಲ್ಲೇ ಅವರ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂರು ವರ್ಷ! ಮೂರು ವರ್ಷ ನಾನು ಯಾರ ಜೊತೆ ಮಾತಾಡಿದೆ? ಯಾವ ಮಕ್ಕಳು ಎದ್ದು ನಿಂತರು? ಸತ್ತವರ ಸಹಿ ತಾನೇ ಹಾಕಿ ಅನುದಾನ ನುಂಗುತ್ತಿದ್ದ ಕಾರ್ಯದರ್ಶಿಯ ಕಳ್ಳತನ ಆಮೇಲೆ ಹೊಳೆಯಿತು. ಮೊದಲು ನನ್ನನ್ನು ಹೊಡೆದದ್ದು ಅದಲ್ಲ — ಸ್ಟ್ರಿಕ್ಟ್ ವನಜಾಕ್ಷಿ ಒಬ್ಬ ಸತ್ತ ಮನುಷ್ಯನನ್ನು ಮೂರು ವರ್ಷ ಬದುಕಿಸಿಟ್ಟು, ಅವರ ಕೈಯಿಂದಲೇ ಅವರ ಮಗಳ ಅರ್ಜಿಯನ್ನು ತಳ್ಳಿಹಾಕಿಸಿದ್ದಳು ಎಂಬುದು.

ಇಲ್ಲಿಯವರೆಗಿನದು ಬೇಜವಾಬ್ದಾರಿ. ಇದಕ್ಕೆ ಕ್ಷಮೆ ಇದೆಯೋ ಏನೋ, ನನಗೆ ತಿಳಿಯದು. ಇನ್ನು ಮುಂದಿನದು ಬೇರೆ.

ಕಚೇರಿಗೆ ಓಡಿಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಕಡತ ತಿರುಗಿಸಿ ಮೂರು ವರದಿಗಳ ಕೊನೆಯ ಪುಟ ತೋರಿಸಿದರು.

“ಇದು ನಿಮ್ಮ ಸೈನ್ ತಾನೇ? ಈಗ ಅವ್ರು ಸತ್ತಿದಾರೆ ಅಂತ ಬರೆದ್ರೆ, ಇಷ್ಟು ವರ್ಷ ಯಾರ್ ಜೊತೆ ಮಾತಾಡಿದ್ರಿ ಅಂತ ಕೇಳ್ತಾರೆ. ಏನಂತೀರಾ? ಎನ್‌ಕ್ವೈರಿ ಕೂತ್ರೆ ಪ್ರಮೋಷನ್ನು ಹೋಯ್ತು. ಸುಮ್ನಿದ್ಬಿಡಿ ವನಜಾಕ್ಷಿ ಅವ್ರೇ. ಮುಂದಿನ ವರ್ಷಾನೂ ಕಳೆದ ಸಾಲಿನಂತೆ ಅಂತ ಹಾಕಿ ಕಳ್ಸಿ.”

ನಾನು ಏನಾದರೂ ಹೇಳಬಹುದಿತ್ತು. ಬಾಗಿಲವರೆಗೆ ಬಂದಾಗಲಾದರೂ ತಿರುಗಿ... ತಿರುಗಲಿಲ್ಲ. ನಾನು ಹೇಳಿದ್ದ ದಿನಕ್ಕೇ ನೀವು ಬಂದಿರಿ. “ಅದು ಆಫೀಸಿನ ವಿಷಯ ಕಣಮ್ಮ, ಹೆಸರು ಹೇಳೋ ಹಾಗಿಲ್ಲ,” ಎಂದೆ. ನಿಮ್ಮ ಮುಖ ನೋಡದೆ ಕನ್ನಡಕ ಒರೆಸುತ್ತಿದ್ದೆ. ಮುಂದಿನ ವರ್ಷ ಆ ವಿನಯವಂತರು ಮತ್ತೆ ಅರ್ಜಿ ತಂದರು. ನಾನು ಹಳೆಯ ವರದಿ ತೆರೆದೆ. ಈ ಸಲ ಆ ಸಾಲನ್ನು ಓದಿದೆ, ಎರಡು ಸಲ ಓದಿದೆ. ಹೂ ಕಟ್ಟುವ ಹೆಂಗಸಿನ ಮಾತು ಕಿವಿಯಲ್ಲೇ ಇತ್ತು. ಆದರೂ ದಿನಾಂಕ ಬದಲಿಸಿ ಸಹಿ ಹಾಕಿದೆ.

ಹೆದರಿದ್ದೆ ಎಂದರೆ ನೀವು ಕನಿಕರ ಪಡಬಹುದು, ಅದು ಬೇಡ. ನಿಜವಾಗಿ ಹೆದರಿದ್ದು ಕೆಲಸಕ್ಕಲ್ಲ. ಆಫೀಸಿನಲ್ಲಿ, ನಮ್ಮ ಕಾಲೋನಿಯಲ್ಲಿ, ಅಯ್ಯೋ ಈಕೆಯೂ ಹೀಗೇನಾ ಎಂದು ಜನ ನಕ್ಕುಬಿಟ್ಟಾರು ಎಂದು. ಅಷ್ಟು ಸಣ್ಣ ಕಾರಣ. ಮರುವರ್ಷ ನನಗೆ ಬಡ್ತಿ ಸಿಕ್ಕಿತು, ವಿಭಾಗ ಬದಲಾಯಿತು, ಆ ಕಡತ ನನ್ನ ಕಣ್ಣಿಂದ ಮರೆಯಾಯಿತು. ನಾನು ಮತ್ತೆ ಸ್ಟ್ರಿಕ್ಟ್ ಆಗಿಯೇ ಉಳಿದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ನಾನು ಕೈ ಮುಗಿದೆ, ಸ್ಟೆಲ್ಲಾ. ನಾಚಿಕೆಗೆಟ್ಟು ಕೈ ಮುಗಿದೆ.

ಕಳೆದ ತಿಂಗಳು ಸರ್ವಜ್ಞನಗರದಲ್ಲಿರುವ ಅಕ್ಕನ ಮನೆಗೆ ಹೋಗಿ, ಬರುವಾಗ ಬ್ರೆಡ್ಡು ಕೊಳ್ಳಲು ಬೇಕರಿಯ ಮುಂದೆ ನಿಂತಿದ್ದೆ. “ಮೇಡಂ, ನೀವು ಪಾಲಿಕೆ ಆಫೀಸಲ್ಲಿ ಇದ್ರಲ್ಲ?” ಎಂದು ನೀವು ನಗುತ್ತಾ ಬಂದಿರಿ. ಇಂದಿರಾನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತೀರೆಂದು ಹೇಳಿದಿರಿ. ಎಲ್ಲ ಆಫೀಸುಗಳಲ್ಲೂ ನಿಮ್ಮನ್ನು ನಿಲ್ಲಿಸಿಯೇ ಮಾತಾಡಿಸಿದರಂತೆ, ಕೂರಿಸಿ ನೀರು ಕೊಟ್ಟವಳು ನಾನೊಬ್ಬಳೇ ಅಂತೆ. ನನಗೆ ಭೂಮಿಗಿಳಿದು ಹೋಗುವಂತಾಯಿತು. ಹೊರಡಬೇಕೆಂದು ನಾನು ಚೀಲ ಎತ್ತಿಕೊಂಡೆ. ಆಗ ನೀವು ಅಂದಿರಿ:

“ಆ ಇನ್ನೊಂದು ಸೆಂಟರ್ ಹುಡುಕ್ಕೊಂಡು ಎರಡು ತಿಂಗಳು ಓಡಾಡ್ದೆ ಮೇಡಂ. ವರಾಂಡ ಖಾಲಿ ಮಾಡಿದ್ಮೇಲೆ ಆರು ಮಕ್ಕಳು ಉಳಿದಿದ್ರು, ಅವರನ್ನ ಸೇರಿಸೋಣ ಅಂತ. ದಿನಾ ಅವರನ್ನೂ ಜೊತೇಲಿ ಕರ್ಕೊಂಡು ಹಲಸೂರೆಲ್ಲ ಸುತ್ತಿದ್ದೀನಿ, ಬೋರ್ಡ್ ಇರೋ ಕಡೆ ಎಲ್ಲಾ ಕೇಳ್ದೆ. ಸಿಗ್ಲೇ ಇಲ್ಲ. ಆಮೇಲೆ ಮಕ್ಕಳಿಗೂ ಸಾಕಾಗಿ ಒಬ್ಬೊಬ್ಬರೇ ಕೆಲಸಕ್ಕೆ ಹೋದ್ರು. ಪರೀಕ್ಷೆ ಒಬ್ಳು ಬರೆದ್ಳು, ಅಷ್ಟೇ. ಎಲ್ಲಿತ್ತು ಮೇಡಂ ಅದು? ಈಗ್ಲಾದ್ರೂ ಹೇಳ್ಬಹುದಲ್ವಾ?”

ಎರಡು ತಿಂಗಳು. ಆರು ಮಕ್ಕಳನ್ನು ಹಿಂದಿಟ್ಟುಕೊಂಡು, ಇಲ್ಲದ ಬೋರ್ಡಿಗಾಗಿ ಗಲ್ಲಿ ಗಲ್ಲಿ... ನನ್ನ ಒಂದು ಸಹಿ ಏನು ಮಾಡುತ್ತದೆ ಎಂದು ನಾನು ಇಷ್ಟು ವರ್ಷ ಊಹಿಸಿದ್ದೆಲ್ಲ ಏನೇನೂ ಅಲ್ಲ. ಒಂದು ಅರ್ಜಿ ತಿರಸ್ಕೃತವಾಯಿತು ಎಂದಷ್ಟೇ ನನ್ನ ಮನಸ್ಸು ಇಟ್ಟುಕೊಂಡಿತ್ತು. ನೀವು ನಡೆದಿರಿ ಎಂಬುದು ನನಗೆ ಹೊಳೆದೇ ಇರಲಿಲ್ಲ. “ನೆನಪಿಲ್ಲಮ್ಮ,” ಎಂದೆ. ನೀವು “ಹೋಗ್ಲಿ ಬಿಡಿ” ಎಂದು ನನ್ನ ಬ್ರೆಡ್ಡಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಟ್ಟಿರಿ.

ನನಗೆ ನೆನಪಿದೆ. ನಿನ್ನೆ ನಾಲ್ಕು ವರದಿಗಳ ವಿವರವನ್ನೂ ಬರೆದು, ನಾನೇ ಸಹಿ ಹಾಕಿ, ಪಾಲಿಕೆಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಕಾರ್ಯದರ್ಶಿಯ ಹೆಸರೂ ಅದರಲ್ಲಿದೆ, ನನ್ನದು ಅದಕ್ಕಿಂತ ಮೇಲಿದೆ. ವಿಚಾರಣೆ ಕರೆದರೆ ಹೋಗುತ್ತೇನೆ. ಆ ಹೇಳಿಕೆಯ ನಕಲು ಈ ಕಾಗದದ ಜೊತೆಗಿದೆ, ನಿಮಗೆ ಸರಿ ಕಂಡಂತೆ ಬಳಸಿಕೊಳ್ಳಿ. ನನ್ನನ್ನು ಕ್ಷಮಿಸಿ ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ. ಆ ಆರು ಮಕ್ಕಳನ್ನು ಕೇಳದೆ ನಿಮ್ಮನ್ನು ಮಾತ್ರ ಕೇಳುವುದು ಹೇಗೆ?

ಆ ಸೆಂಟರ್ ಎಲ್ಲಿತ್ತು ಎಂದು ಕೇಳಿದಿರಿ. ಚರ್ಚಿನ ಹಿಂದೆ, ವರಾಂಡದಲ್ಲಿತ್ತು, ಸ್ಟೆಲ್ಲಾ. ಅಪ್ಪನ ಮಕ್ಕಳನ್ನು ಕೂರಿಸಿಕೊಂಡು ನೀವೇ ನಡೆಸುತ್ತಿದ್ದಿರಿ. ಪಾಲಿಕೆ ದುಡ್ಡು ಕೊಡುತ್ತಿದ್ದುದು ಅದಕ್ಕೇ. ನಾನು ನಿಮ್ಮನ್ನು ಅಲ್ಲಿಂದ ಎಬ್ಬಿಸಿ, ಅದನ್ನೇ ಹುಡುಕಿಕೊಂಡು ಬರಲು ಬೀದಿಗೆ ಕಳಿಸಿದೆ.