ಹುಹಾನ ಹೇಳಿದ ತೂಕ

ನಮ್ಮ ಊರಲ್ಲಿ ಹುಹಾನಳಿಂದ ತೂಗಿಸಿಕೊಳ್ಳದ ಮನುಷ್ಯನಿಲ್ಲ. ಹಸುಗೂಸಿನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರೂ ಒಮ್ಮೆಯಾದರೂ ಅವಳ ತೂಕದ ಯಂತ್ರ ಏರಿದವರೇ. ನರ್ಸಮ್ಮ ಬರುವುದು ವಾರಕ್ಕೊಮ್ಮೆ, ಅದೂ ಹೊಳೆ ಉಕ್ಕಿ ಸೇತುವೆ ಮುಚ್ಚದಿದ್ದರೆ. ಹಾಗಾಗಿ ಬಾಣಂತಿಯರು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸೀದಾ ಹುಹಾನ ಕೆಲಸ ಮಾಡುವ ವಿಮಾನದ ಕಚೇರಿಗೇ ಬರುತ್ತಿದ್ದರು. ಹುಹಾನ ಮಗುವನ್ನು ಮಲಗಿಸಿ, ಮುಳ್ಳು ನೋಡಿ, ತೂಕವನ್ನು ತಾಯಿಯ ಕಿವಿಯಲ್ಲಿ ಹೇಳಿ, ಎಲ್ಲರಿಗೂ ಕೇಳುವಂತೆ "ಇವನಿಗೆ ಹಿಂದಿನ ಸೀಟು" ಎನ್ನುತ್ತಿದ್ದಳು.

ನಮ್ಮ ವಿಮಾನಗಳು ಸಣ್ಣವು. ಚಕ್ರದ ಜೊತೆಗೆ ಸ್ಕೀ ಹಲಗೆ ಕಟ್ಟಿಕೊಂಡು ಬೆಟ್ಟದ ಮೇಲಕ್ಕೆ ಹಾರಿ, ಹಿಮನದಿಯ ನೆತ್ತಿಯಲ್ಲಿ ಇಳಿದು, ಪ್ರವಾಸಿಗಳಿಗೆ ಹಿಮ ತುಳಿಸಿ, ಫೋಟೋ ತೆಗೆಸಿ ವಾಪಸ್ ತರುತ್ತವೆ. ಅಂಥ ವಿಮಾನದಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಅವರ ಅಂತಸ್ತು ನಿರ್ಧರಿಸುವುದಿಲ್ಲ, ಅವರ ಸೊಂಟ ನಿರ್ಧರಿಸುತ್ತದೆ: ಭಾರದವರು ಮುಂದೆ, ಹಗುರದವರು ಹಿಂದೆ. ಜನ ಎಲ್ಲ ವಿಷಯದಲ್ಲೂ ಸುಳ್ಳು ಹೇಳುತ್ತಾರೆ, ತೂಕದ ವಿಷಯದಲ್ಲಿ ಮಾತ್ರ ಆಣೆ ಮಾಡಿ ಸುಳ್ಳು ಹೇಳುತ್ತಾರೆ. ಅದಕ್ಕೇ ಹುಹಾನ ಬೇಕಾಗಿದ್ದಳು.

ನಾನು ಮೇವಿಸ್. ಕಚೇರಿಯ ಪಕ್ಕದಲ್ಲೇ ನನ್ನ ಪೈ ಅಂಗಡಿ. ಬೆಳಗಾಗುವ ಮೊದಲೇ, ಹಿಟ್ಟಿನ ಹೊದಿಕೆಯೊಳಗೆ ಕೊಚ್ಚಿದ ಮಾಂಸ ತುಂಬಿ ಬೇಯಿಸಿದ ಪೈ ಒಲೆಯಿಂದ ಇಳಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಅದು ಪ್ರವಾಸಿಗಳ ಹೊಟ್ಟೆ ಸೇರಿರುತ್ತದೆ. ಮೇವಿಸ್ ತುಂಬುತ್ತಾಳೆ, ಹುಹಾನ ತೂಗುತ್ತಾಳೆ ಎಂದು ಪೈಲಟ್‌ಗಳು ಆಡಿಕೊಳ್ಳುತ್ತಿದ್ದರು. ನನಗೆ ಬಾಯಿ ಜಾಸ್ತಿ ಎಂದೂ ಆಡಿಕೊಳ್ಳುತ್ತಾರೆ. ಇರಲಿ, ಬಾಯಿ ಮುಚ್ಚಿಕೊಂಡಿರುವವರ ಅಂಗಡಿಯಲ್ಲಿ ಪೈ ಖರ್ಚಾಗುವುದಿಲ್ಲ.

ಹುಹಾನಳ ಯಂತ್ರ ಹಳೆಯ ಕಾಲದ್ದು. ಗಡಿಯಾರದ ಹಾಗೆ ದುಂಡು ಮುಖ, ಅದರಲ್ಲಿ ಒಂದು ಮುಳ್ಳು. ಆ ಮುಖವನ್ನು ಅವಳು ತನ್ನ ಕಡೆಗೆ ತಿರುಗಿಸಿಟ್ಟಿದ್ದಳು. ನಿಂತವರಿಗೆ ಕಾಣುವುದಿಲ್ಲ, ಹಿಂದೆ ಸಾಲಿನಲ್ಲಿದ್ದವರಿಗೂ ಕಾಣುವುದಿಲ್ಲ. ಹಸುಗೂಸುಗಳದ್ದು ಬಿಟ್ಟರೆ ಅವಳು ಯಾರ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಿದವಳೇ ಅಲ್ಲ. ನೀವು ಮುಂದೆ, ನೀವು ನಡುವೆ, ನೀವು ಹಿಂದೆ, ಅಷ್ಟೇ. ಮದುವಣಗಿತ್ತಿಯರು ಬಿಳಿ ಗೌನು ಎತ್ತಿ ಹಿಡಿದು ಆ ಯಂತ್ರ ಹತ್ತಿದ್ದಾರೆ. ರಾಜಧಾನಿಯಿಂದ ಬಂದ ಮಂತ್ರಿಯೊಬ್ಬ ಹತ್ತುವುದಿಲ್ಲ ಅಂದಿದ್ದಕ್ಕೆ ಅವನನ್ನು ಬಿಟ್ಟು ಅವನ ಕಾರ್ಯದರ್ಶಿಯನ್ನು ಕಳಿಸಿದ್ದಾಳೆ. ಇಡೀ ಊರಿನ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಅವಳು ನಗುನಗುತ್ತಾ ಓಡಾಡುತ್ತಿದ್ದುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅದರಲ್ಲಿ ನನ್ನ ಗುಟ್ಟೂ ಇತ್ತಲ್ಲ!

ಅವಳದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಯಾರೂ ತಮ್ಮ ತೂಕವನ್ನು ತಾವೇ ಓದಿಕೊಳ್ಳುವಂತಿಲ್ಲ. "ತಮ್ದನ್ನ ತಾವೇ ಓದ್ಕೊಂಡೋರು ಯಾರೂ ಇವತ್ತಿನವರೆಗೆ ನಿಜ ಹೇಳಿಲ್ಲ" ಎನ್ನುತ್ತಿದ್ದಳು. ಪೈಲಟ್‌ಗಳಿಗೂ ಅದೇ ಕಾನೂನು. ಎಷ್ಟು ಒಳ್ಳೆಯ ನಿಯಮ ನೋಡಿ! ಅದರಿಂದ ತೊಂದರೆಯಾದದ್ದು ಊರಿಗೆಲ್ಲ ಒಬ್ಬಳಿಗೇ. ಹುಹಾನ ವಿಮಾನ ಹತ್ತಬೇಕಾದರೆ ಅವಳ ಮುಳ್ಳನ್ನು ಬೇರೆ ಯಾರಾದರೂ ಓದಬೇಕು. ಅವಳೋ, ವರ್ಷಗಟ್ಟಲೆ ನನ್ನ ಪೈ ತಿಂದ ಹೆಂಗಸು. ಹಾಗಾಗಿ ಊರಿನವರನ್ನೆಲ್ಲ ಹಿಮದ ಮೇಲಕ್ಕೆ ಕಳಿಸಿದವಳು ತಾನು ಒಮ್ಮೆಯೂ ಹೋಗಲಿಲ್ಲ. ಕೇಳಿದರೆ, "ನಂಗೆ ಕಿವಿ ನೋವು ಬರುತ್ತೆ ಕಣೇ" ಎನ್ನುತ್ತಿದ್ದಳು.

ಅವಳ ಗಂಡ ರಾವಿರಿ ಅಲ್ಲೇ ಎಂಜಿನ್ ರಿಪೇರಿ ಮಾಡುತ್ತಿದ್ದ. ಮೇಲೆ ಹಿಮದಲ್ಲಿ ವಿಮಾನ ಕೆಟ್ಟು ನಿಂತರೆ ಹೋಗಿ ಸರಿಮಾಡಿ ಬರುವವನು ಅವನೇ. ಬಂದವನು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ. "ಹುಹಾನ, ಅಲ್ಲಿ ಎಂಜಿನ್ ಆಫ್ ಮಾಡಿದ ಮೇಲೆ ಒಂದು ಮೌನ ಇರುತ್ತೆ ನೋಡು, ಅದನ್ನ ನೀನು ಕೇಳ್ಬೇಕು. ಬಾ ಒಂದ್ಸಲ." ಅವಳು, "ಬೇಸಿಗೇಲಿ ನೋಡೋಣ" ಎನ್ನುತ್ತಿದ್ದಳು. ಹಾಗೆ ಬೇಸಿಗೆಗಳು ಕಳೆದವು. ಹೋದ ವರ್ಷದ ಚಳಿಗಾಲದಲ್ಲಿ ರಾವಿರಿ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ದಿನ ಅವಳು ನನ್ನ ಅಂಗಡಿಯ ಮೂಲೆಯಲ್ಲಿ ಕೂತು, "ಆ ಮೌನ ಒಂದನ್ನ ಕೇಳ್ಬೇಕಿತ್ತು ಮೇವಿ, ಅವನ ಜೊತೇಲಿ" ಅಂದಳು. ನಾನು ಒಲೆಯಿಂದ ಬಿಸಿ ಪೈ ತೆಗೆದು ಅವಳ ಮುಂದಿಟ್ಟೆ.

ಈ ನವೆಂಬರಿನಲ್ಲಿ, ನಮ್ಮಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ, ಅವಳು ಕೆಲಸ ಬಿಟ್ಟಳು. ಕೊನೆಯ ದಿನ ಮೊಟ್ಟೆಯಲ್ಲಿ ಕದಡಿ ಹುರಿದ ಸಣ್ಣ ಮೀನು, ಬ್ರೆಡ್ಡು, ಬಿಯರು, ಎಲ್ಲ ಆಯಿತು. ಊಟ ಮುಗಿಯುವಾಗ ಪೈಲಟ್ ಫರ್ಗಸ್ ಎದ್ದು ನಿಂತ. ಈ ಫರ್ಗಸ್ಸನ್ನೂ ಅವಳು ಕಂಬಳಿಯಲ್ಲಿ ತೂಗಿದವಳೇ.

"ಆಂಟಿ, ಮಧ್ಯಾಹ್ನದ ಟ್ರಿಪ್ಪಲ್ಲಿ ಎರಡು ಸೀಟು ಖಾಲಿ ಇದೆ. ಒಂದು ನಿಮ್ಗೆ, ಇನ್ನೊಂದು ಮೇವಿಸ್ ಆಂಟಿಗೆ. ಇವತ್ತು ಕಿವಿ ನೋವು ಗಿವಿ ನೋವು ಅನ್ನಂಗಿಲ್ಲ."

ಹುಹಾನ ನನ್ನ ಮುಖ ನೋಡಿದಳು. ನಾನು, "ನಡಿಯೇ, ರಾವಿರಿ ಎಷ್ಟು ಸಲ ಕರೆದ" ಅಂದೆ. ಅಲ್ಲಿಗೆ ಅವಳು ಸಿಕ್ಕಿಬಿದ್ದಳು.

ಆ ಟ್ರಿಪ್ಪಿನಲ್ಲಿ ಆಸ್ಟ್ರೇಲಿಯಾದಿಂದ ಬಂದ ಗಂಡ ಹೆಂಡತಿ ಇದ್ದರು. ಗಂಡ ಬ್ರೂಸ್ ಆಳೆತ್ತರದ ಮನುಷ್ಯ, ಮಾತು ಅದಕ್ಕಿಂತ ದೊಡ್ಡದು. "ತೊಂಬತ್ತು ಕೆಜಿ ಬರ್ಕೊಳ್ಳಿ ಮೇಡಂ" ಅಂದ. ಹುಹಾನ ಯಂತ್ರದ ಕಡೆ ಬೆರಳು ತೋರಿಸಿದಳು. ಅವನು ಬೂಟು ಬಿಚ್ಚಿದ, ಬೆಲ್ಟು ಬಿಚ್ಚಿದ, ಫೋನು ಪರ್ಸು ತೆಗೆದಿಟ್ಟ. ಹುಹಾನ ಅವನ್ನೆಲ್ಲ ಮತ್ತೆ ಅವನ ಕೈಗೇ ತುರುಕಿ ಹತ್ತಿಸಿದಳು. ಮುಳ್ಳು ನೋಡಿ, "ಮುಂದೆ, ಪೈಲಟ್ ಪಕ್ಕ" ಅಂದಳು. ಹೆಂಡತಿ ಶೆರಿಲ್ ನಕ್ಕಳು, ಅವಳಿಗೆ ಎಲ್ಲ ತಿಳಿಯಿತು. ಅವಳಿಗೆ ನಡುವಿನ ಸೀಟು ಸಿಕ್ಕಿತು. ಆಮೇಲೆ ನಾನು ಹತ್ತಿದೆ. ನನಗೂ "ನಡುವೆ" ಅಂದಳು. ಹಾಗೆನ್ನುವಾಗ ಅವಳ ಹುಬ್ಬು ಸ್ವಲ್ಪ ಮೇಲೇರಿದ್ದನ್ನು ನಾನು ಈಗಲೂ ಮರೆತಿಲ್ಲ.

ಉಳಿದವಳು ಅವಳು. ಫರ್ಗಸ್ ಮುಳ್ಳು ಓದಲು ಮೇಜಿನ ಆ ಕಡೆ ಹೋಗಿ ನಿಂತ.

"ನೀನು ಆ ಕಡೆ ತಿರುಗು" ಅಂದಳು.

"ಆಂಟಿ, ನಿಯಮ ನಿಮ್ದೇ ಅಲ್ವಾ?"

"ನಂದೇ. ಅದಕ್ಕೇ ಹೇಳ್ತಿರೋದು, ತಿರುಗು."

ಅವನು ಗೋಡೆಯ ಕಡೆ ತಿರುಗಿದ. ಅವಳು ಯಂತ್ರ ಹತ್ತಿ, ಕತ್ತು ಉದ್ದ ಮಾಡಿ ಬಗ್ಗಿ ನೋಡಿದಳು. ಅವಳ ಮುಖ ಒಮ್ಮೆ ಬೆಳ್ಳಗಾಯಿತು. ತಕ್ಷಣ ಗಂಟಲು ಸರಿಮಾಡಿಕೊಂಡು, "ಎಂಬತ್ತೆರಡು" ಅಂದಳು.

ನಾನು ಅವಳ ಪೈಗಳ ಲೆಕ್ಕ ಬಲ್ಲವಳು. ಆದರೂ ಸುಮ್ಮನಿದ್ದೆ. ಫರ್ಗಸ್‌ಗೆ ಅನುಮಾನವೇ ಬರಲಿಲ್ಲ. ಪಾಪ, ಹುಹಾನ ಆಂಟಿ ಹೇಳಿದ ತೂಕವೆಂದರೆ ನಮ್ಮಲ್ಲಿ ದೇವರ ಮಾತು. "ಹಾಗಾದ್ರೆ ಹಿಂದಿನ ಸೀಟು" ಅಂದ.

ಹಾರಿದ ವಿಷಯ ಹೆಚ್ಚು ಹೇಳುವುದಿಲ್ಲ. ಕಾಡು ಕೆಳಗೆ ಹೋಯಿತು, ಹೊಳೆ ಕೆಳಗೆ ಹೋಯಿತು, ನನ್ನ ಪೈ ಅಂಗಡಿಯೂ ಅವುಗಳ ಜೊತೆ ಹೋಯಿತು. ನಮ್ಮ ನಾಡಿನಲ್ಲೇ ಎತ್ತರದ ಅಯೊರಾಕಿ ಶಿಖರ ಕಿಟಕಿಯ ತುಂಬ ಬಂದು ನಿಂತಾಗ ಬ್ರೂಸ್ ಗಾಜಿಗೆ ಮೂಗು ಒತ್ತಿದ. ಸ್ಕೀಗಳು ಹಿಮ ಸವರಿದವು, ವಿಮಾನ ಜಾರುತ್ತಾ ಹೋಗಿ ಇಳಿಜಾರಿಗೆ ಅಡ್ಡ ನಿಂತಿತು. ಫರ್ಗಸ್ ಹಿಂದೆ ತಿರುಗಿ ಹುಹಾನಳ ಕಡೆ ನೋಡಿ ಕಣ್ಣು ಮಿಟುಕಿಸಿ ಎಂಜಿನ್ ಆಫ್ ಮಾಡಿದ.

ಮೌನ! ಆ ಮೌನದ ಆಯಸ್ಸು ಎಷ್ಟೆಂದರೆ ಬ್ರೂಸ್ ಬಾಗಿಲು ತೆಗೆಯುವವರೆಗೆ. "ಅಯ್ಯೋ ಇಲ್ನೋಡೇ ಶೆರಿಲ್! ಇಲ್ಲಿ ನಿಂತ್ಕೋ! ಅಲ್ಲ, ಆ ಕಡೆ! ಟೋಪಿ ತೆಗಿ! ಟೋಪಿ ಹಾಕ್ಕೋ!" ಶೆರಿಲ್ ತನ್ನ ಅಕ್ಕನಿಗೆ ತೋರಿಸಲು ವಿಡಿಯೋ ಮಾಡುತ್ತಾ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದಳು, ಹಿಮ ಇದೆ, ಆಕಾಶ ಇದೆ ಎಂದು. ನಾನೂ ಸುಮ್ಮನಿರಲಿಲ್ಲ, ಸುಳ್ಳೇಕೆ? ನನಗೆ ಭಯವಾದರೆ ಮಾತು ಹೆಚ್ಚು. ಹುಹಾನ ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದಳು. ಕಿವಿಯ ಮೇಲಿನ ಟೋಪಿಯನ್ನು ಎತ್ತಿ ಹಿಡಿದಿದ್ದಳು. ನಾನು ಹತ್ತಿರ ಹೋಗಿ, "ಕೇಳಿಸ್ತೇನೇ?" ಅಂದೆ.

"ಕೇಳಿಸ್ತು. ನಿನ್ ದನಿ" ಅಂದಳು. ಅವಳ ಕಣ್ಣು ತುಂಬಿತ್ತು.

ಫರ್ಗಸ್ ಕರೆದ. ಎಲ್ಲರೂ ಹತ್ತಿದೆವು, ಕಿವಿಗೆ ಮೈಕಿರುವ ಹೆಡ್‌ಫೋನ್ ಹಾಕಿಕೊಂಡೆವು. ಬಿಸಿಲಿಗೆ ಹಿಮ ಅಂಬಲಿಯಾಗಿತ್ತು. ವಿಮಾನ ಭೋರ್ಗರೆಯಿತು, ಓಡಿತು, ಬಾಲ ಕುಸಿಯಿತು, ನಿಂತಿತು. ಫರ್ಗಸ್ ತಿರುಗಿಸಿಕೊಂಡು ಬಂದು ಮತ್ತೆ ಓಡಿಸಿದ. ಮತ್ತೆ ಅದೇ. "ಲೆಕ್ಕ ಎಲ್ಲ ಸರಿಯಾಗೇ ಇದೆಯಲ್ಲ" ಎಂದು ಅವನು ತನ್ನಷ್ಟಕ್ಕೆ ಅಂದದ್ದು ನಮ್ಮೆಲ್ಲರ ಕಿವಿಯಲ್ಲೂ ಕೇಳಿಸಿತು. "ಇನ್ನೊಂದ್ಸಲ ನೋಡ್ತೀನಿ. ಈ ಸಲ ಕೆಳಗಿನ ಅಂಚಿನವರೆಗೂ ಬಿಡ್ತೀನಿ."

ಆ ಅಂಚಿನ ಆಚೆ ಏನಿದೆ ಎಂದು ಊರಿನ ನಮಗೆ ಗೊತ್ತು. ಆಚೆ ಏನೂ ಇಲ್ಲ. ನಾನು ಹುಹಾನಳ ಕಡೆ ತಿರುಗಿದೆ. ಅವಳು ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದುಕೊಂಡಿದ್ದಳು. ಎಂಜಿನ್ ಸದ್ದು ಏರತೊಡಗಿತು.

"ಫರ್ಗಸ್, ನಿಲ್ಸು."

"ಏನಾಯ್ತು ಆಂಟಿ?"

"ನಾನು ಎಂಬತ್ತೆರಡಲ್ಲ."

ಎಂಜಿನ್ ಸದ್ದು ಇಳಿಯಿತು. "ಮತ್ತೆಷ್ಟು?"

ಅವಳು ಹೇಳಿದಳು. ಹೆಡ್‌ಫೋನಿನಲ್ಲಿ ಹೇಳಿದ್ದರಿಂದ ಪ್ರತಿಯೊಬ್ಬರ ಕಿವಿಯೊಳಗೇ ಹೇಳಿದ ಹಾಗಾಯಿತು. ಬ್ರೂಸ್ ಸಿಳ್ಳೆ ಹಾಕಲು ತುಟಿ ಮುಂದೆ ಮಾಡಿದ, ಹೆಂಡತಿ ಹಿಂದಿನಿಂದ ಅವನ ತಲೆಗೊಂದು ಕೊಟ್ಟಳು. ಆ ಸಂಖ್ಯೆ ಎಷ್ಟೆಂದು ನೀವು ಕಾದಿದ್ದರೆ ಕಾಯುತ್ತಾ ಇರಿ.

ಫರ್ಗಸ್ ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಸರಿ ಆಂಟಿ. ಇಬ್ರು ಇಲ್ಲಿ ಉಳೀಬೇಕಾಗುತ್ತೆ. ಇವ್ರನ್ನ ಇಳಿಸಿ ಬಂದು ಕರ್ಕೊಂಡು ಹೋಗ್ತೀನಿ" ಅಂದ. ಬ್ರೂಸ್ ದೊಡ್ಡ ಮನಸ್ಸು ಮಾಡಿ, "ಹೆಂಗಸ್ರನ್ನ ಬಿಟ್ಟು ಹೋಗೋದಾ? ನಾನಿರ್ತೀನಿ ಇಲ್ಲಿ, ಮಾತಾಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ" ಎಂದು ಬಾಗಿಲಿಗೆ ಕೈ ಹಾಕಿದ. ಹುಹಾನ ನಡುವಿನ ಸೀಟಿನ ಮೇಲಿಂದ ಬಗ್ಗಿ ಅವನ ಹೆಗಲು ಹಿಡಿದು ಸೀಟಿಗೆ ಒತ್ತಿದಳು.

"ನೀವು ಮುಂದೆ, ಪೈಲಟ್ ಪಕ್ಕ" ಅಂದಳು.

ಹಾಗೆ ಅವಳೂ ನಾನೂ ಇಳಿದೆವು. ಫರ್ಗಸ್ ಕಂಬಳಿಯ ಚೀಲ, ಕಾಫಿ ಫ್ಲಾಸ್ಕು, ರೇಡಿಯೋ ಕೊಟ್ಟು, ನಿಂತ ಜಾಗ ಬಿಟ್ಟು ಅಲುಗಬೇಡಿ ಎಂದ. ವಿಮಾನ ಎದ್ದಿತು, ನೊಣದಷ್ಟಾಯಿತು, ಇಲ್ಲವಾಯಿತು. ಅದರ ಸದ್ದು ಬಂಡೆಗಳ ನಡುವೆ ಸ್ವಲ್ಪ ಹೊತ್ತು ಸುತ್ತಾಡಿ ಅದೂ ಹೋಯಿತು.

ನನ್ನ ನಾಲಿಗೆಯ ತುದಿಯಲ್ಲಿ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಎಂಬತ್ತೆರಡಂತೆ, ಎಂದು ಶುರು ಮಾಡಿದ್ದರೆ ರಾತ್ರಿಯವರೆಗೆ ಸಾಕಾಗುತ್ತಿತ್ತು. ಹುಹಾನ ಹಿಮದ ಮೇಲೆ ಚೀಲ ಹಾಕಿಕೊಂಡು ಕೂತು ಟೋಪಿ ತೆಗೆದಳು. ನಾನು ಅವಳ ಪಕ್ಕ ಕೂತು, ಪೂರ್ತಿ ಹಲ್ಲು ಕಚ್ಚಿ, ಬಾಯಿ ಮುಚ್ಚಿದೆ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಉಸಿರೂ ಸದ್ದಾಗುತ್ತದೇನೋ ಎಂದು ಮೆಲ್ಲಗೆ ಬಿಡುತ್ತಿದ್ದೆ. ರಾವಿರಿ ಹೇಳಿದ್ದು ಸುಳ್ಳಲ್ಲ. ಅದು ಹೇಗಿರುತ್ತದೆ ಎಂದು ಕೇಳಬೇಡಿ, ಹೇಳಲು ಹೋದರೆ ಅದು ಇರುವುದಿಲ್ಲ. ತುಂಬ ಹೊತ್ತಾದ ಮೇಲೆ ಹುಹಾನ ನನ್ನ ಕೈ ಹಿಡಿದುಕೊಂಡಳು. ವಿಮಾನದ ಸದ್ದು ಮತ್ತೆ ಕೇಳುವವರೆಗೂ ಬಿಡಲಿಲ್ಲ.

ಈಗ ಅವಳು ಬೇರೆಯೇ ಹೆಂಗಸಾಗಿದ್ದಾಳೆ. ಸಾಯಂಕಾಲ ಅಂಗಡಿಗೆ ಬಂದು, ಕೇಳಿದವರಿಗೂ ಕೇಳದವರಿಗೂ ಆ ಕಥೆ ಹೇಳುತ್ತಾಳೆ, ಸಂಖ್ಯೆಯ ಸಮೇತ. "ನಾನು ನಿಜ ಹೇಳಿದ್ದಕ್ಕೇ ಐದು ಜೀವ ಉಳೀತು, ನಿಜ ಹೇಳಿದ್ದಕ್ಕೇ ಆ ಮೌನ ನಂಗೆ ಸಿಕ್ತು" ಎಂದು ಮುಗಿಸಿ ಇನ್ನೊಂದು ಪೈ ಕೇಳುತ್ತಾಳೆ. ನಾನು ಕೊಡುತ್ತೇನೆ.

ಮಾರನೆಯ ವಾರ ಫರ್ಗಸ್ ಒಬ್ಬನೇ ಬಂದಿದ್ದಾಗ ನಾನು ಕೇಳಿದ್ದೆ, "ಅವಳು ಬಾಯಿ ಬಿಡದೇ ಇದ್ದಿದ್ರೆ ಏನಾಗ್ತಿತ್ತಪ್ಪಾ?"

"ಏನೂ ಇಲ್ಲ ಆಂಟಿ" ಅಂದ. "ನಂಗೂ ಅಂಚು ಕಾಣ್ಸುತ್ತೆ. ಅಲ್ಲಿಗೆ ಮುಂಚೆ ನಿಲ್ಲಿಸ್ತಿದ್ದೆ. ಆವತ್ತು ಹಿಮ ಹೇಗಿತ್ತು ಅಂದ್ರೆ ಹುಹಾನ ಆಂಟಿ ನಿಜವಾಗ್ಲೂ ಎಂಬತ್ತೆರಡೇ ಇದ್ದಿದ್ರೂ ಅದು ಏಳ್ತಿರ್ಲಿಲ್ಲ. ಹೆಂಗೂ ಇಬ್ರನ್ನ ಇಳಿಸ್ಲೇಬೇಕಿತ್ತು. ಗಿರಾಕಿಗಳನ್ನ ಬಿಡಕ್ಕಾಗಲ್ಲ, ನಿಮ್ಮಿಬ್ರನ್ನೇ ಬಿಡ್ತಿದ್ದೆ."

ಅಂದರೆ ಅವಳು ಹೇಳದೆಯೂ ಆ ಮೌನ ಅವಳಿಗೆ ಸಿಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಈ ಮಾತನ್ನು ಅವಳಿಗೆ ಹೇಳಬೇಕೆಂದು ದಿನಕ್ಕೆ ಹತ್ತು ಸಲ ಬಾಯಿಯವರೆಗೂ ಬರುತ್ತದೆ. ಪೈ ತೆಗೆದುಕೊಳ್ಳುವ ನೆಪದಲ್ಲಿ ಒಲೆಯ ಕಡೆ ತಿರುಗಿ ನುಂಗಿಕೊಳ್ಳುತ್ತೇನೆ. ಊರಿನ ಗುಟ್ಟನ್ನೆಲ್ಲ ಅಷ್ಟು ವರ್ಷ ಅವಳು ಹೇಗೆ ಹೊತ್ತಿದ್ದಳೋ, ನನಗೆ ಇದೊಂದೇ ಸಾಕಾಗಿದೆ. ನೀವು ಈ ಕಡೆ ಬಂದರೆ ಪೈ ತಿನ್ನಿ, ಹಿಮ ತುಳಿಯಿರಿ, ಅವಳ ಕಥೆ ಕೇಳಿ. ಇದನ್ನು ಮಾತ್ರ ಅವಳ ಮುಂದೆ ಆಡಬೇಡಿ.