ಪೇಶಕಾರರ ಮನೆಯ ಕೆಂಪು ಮೀನುಗಳು

ನೀರಿನ ಹೌಜು ಬರಿದು ಮಾಡಿ ಒಳಗಿನ ಪಾಚಿ ತಿಕ್ಕುತ್ತಿದ್ದೆ. ಹೈದರಾಬಾದಿಗೆ ಬಟ್ಟೆ ತರಲು ಹೋಗಿದ್ದ ಮೈದುನ ಗಂಟು ಇಳಿಸಿದವನೇ ಹಿತ್ತಲಿಗೆ ಬಂದು ನಿಂತ.

"ವೈನೀ, ನಮ್ಮ ಬಾಜೂ ಮನ್ಯಾಗ ಇದ್ರಲ್ಲ ಆಪಾ, ಅವರು ತೀರಿಹೋದ್ರಂತ. ಬಜಾರದಾಗ ಅವರ ತಮ್ಮ ಸಿಕ್ಕಿದ್ದ."

ಕೈಯಲ್ಲಿ ಪಾಚಿ ಹಾಗೇ ಇತ್ತು. ಅದರ ಹಸಿ ವಾಸನೆ... ಪೇಶಕಾರರ ಪಡಸಾಲೆಯಲ್ಲಿ ಸದಾ ಇರುತ್ತಿದ್ದದ್ದು ಇದೇ ವಾಸನೆ.

ನಿಜಾಮರ ಕಾಲ ಮುಗಿದ ಮರುವರ್ಷದ ಮಾತು. ಮಸ್ಕಿಯಿಂದ ಲಿಂಗಸುಗೂರಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಗೋಡೆಯಾಚೆ ಪೇಶಕಾರರ ಮನೆ. ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದಪತ್ರ ಇಡುವ ಕೆಲಸ ಅವರದು. ಸರಕಾರ ಬದಲಾಯಿತು, ನೌಕರಿ ಹೋಯಿತು. ಕೇಳಿಕೊಂಡು ಬರುತ್ತೇನೆಂದು ಹೈದರಾಬಾದಿಗೆ ಹೋದರು. ಹೋದರು, ಅಷ್ಟೇ.

ಅವರ ಹೆಂಡತಿಯನ್ನು ನಾನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಇದ್ದದ್ದೆಂದರೆ ಒಂದು ಗಾಜಿನ ಪೆಟ್ಟಿಗೆ, ಅದರ ನೀರಿನಲ್ಲಿ ಒಂದಿಷ್ಟು ಕೆಂಪು ಮೀನು. ನಾನು ಬರುವತನಕ ಇವನ್ನು ಜೋಪಾನ ಮಾಡು ಎಂದು ಗಂಡ ಹೇಳಿ ಹೋಗಿದ್ದರಂತೆ.

ನಮ್ಮದು ಮೀನೆಂದರೆ ಮೂಗು ಮುಚ್ಚುವ ಮನೆ. ಮೊದಲ ಸಲ ಅವನ್ನು ಕಂಡಾಗ ಅತ್ತೆಯವರು, "ತಿನ್ನೂದಿಲ್ಲ, ಮಾರೂದಿಲ್ಲ, ಮತ್ತ್ಯಾಕ ಸಾಕೀಯವ್ವಾ?" ಎಂದು ಕೇಳಿದ್ದರು.

"ನೋಡಾಕರೀ, ಅವ್ವಾರ."

"ನೋಡಾಕ ನಮ್ಮನ್ಯಾಗ ನನ್ನ ಮಗ ಅದಾನ. ಅವನೂ ಹಿಂಗ ಸುಮ್ಮ ಕಣ್ಣ ಬಿಟಗೊಂಡು ಕುಂತಿರ್ತಾನ!"

ಆಪಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಅವರು ನಕ್ಕದ್ದು ನನಗೆ ನೆನಪಿಲ್ಲ.

ಬೇಸಿಗೆ ಬಂತು. ಬಿಸಿಲಿಗೆ ನೀರು ಕಾಯಬಾರದೆಂದು ಆಪಾ ಪೆಟ್ಟಿಗೆಯನ್ನು ಅಂಚಿನವರೆಗೆ ತುಂಬಿ, ಕುಡಿಯುವ ನೀರಿನ ಕೊಡಕ್ಕೆ ನಾವು ಮಾಡುವಂತೆಯೇ, ಮೇಲೆ ತೊಯ್ದ ಬಟ್ಟೆ ಬಿಗಿದು ಕಟ್ಟಿದರು. ಮರುದಿನ ಬಟ್ಟೆ ಸರಿಸಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು.

"ಹಸದಾವ ಪಾಪ," ಎಂದರು ಅತ್ತೆಯವರು.

ಬಾಗಿಲಿಗೆ ಬಂದ ಜಂಗಮರನ್ನು ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ. ತೆರೆದ ಬಾಯಿ ಕಂಡ ಮೇಲೆ ಸುಮ್ಮನಿರುವುದು ಹೇಗೆ? ನೈವೇದ್ಯದ ಅನ್ನ ತಂದು ಹಿಸುಕಿ ಹಾಕಿದರು. ಹಾಕಿದಷ್ಟೂ ಅವು ಬಾಯಿ ತೆರೆದವು. ತೆರೆದಷ್ಟೂ ಇವರು ಹಾಕಿದರು. ಸಂಜೆಗೆ ನೀರು ಗಂಜಿಯಾಗಿತ್ತು, ನಾತ ಬೇರೆ. ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದವು.

ಆಪಾ ಅಳಲಿಲ್ಲ. ಗಾಜಿಗೆ ಹಣೆ ಹಚ್ಚಿ ಕೂತರು. "ಅವರು ಬಂದು ಕೇಳಿದ್ರ ಏನ್ ತೋರಸ್ಲಿ, ತಂಗೀ? ಇವು ಇರೂತನಕ ಅವರು ಬರ್ತಾರ ಅಂತ ಜೀವಾ ಹಿಡಕೊಂಡೀನಿ."

ಕೊಳೆತ ನೀರು ಮೊಗೆದು ಚೆಲ್ಲಿದೆ. ಬಾವಿಯಿಂದ ತಂದ ನೀರನ್ನು ಕಂಕುಳಲ್ಲಿನ ಕೊಡದಿಂದಲೇ ಎತ್ತರದಿಂದ ಸುರಿದೆ. ಧಾರೆ ಬೀಳುವ ಕಡೆಗೇ ಮೀನುಗಳೆಲ್ಲ ಓಡಿಬಂದವು. ಬಾಯಾಡಿಸುವುದು ನಿಂತಿತು. ಸ್ವಲ್ಪ ಹೊತ್ತಿಗೆ ನೀರು ನಿಶ್ಚಲವಾಯಿತು, ಮತ್ತೆ ಮೇಲೆ ಬಂದು ಬಾಯಿ ತೆರೆದವು.

"ಅನ್ನ ಅಲ್ಲ ತಂಗೀ, ಇವಕ್ಕ ಬೇಕಾಗಿದ್ದು ಉಸರು," ಎಂದರು ಆಪಾ. "ನೀರು ಆಡಿದ್ರ ಉಸರು ಸಿಗತೇತಿ."

ಆದರೆ ಹಗಲೆಲ್ಲ ನೀರು ಆಡಿಸುವವರು ಯಾರು? ತಂಬಿಗೆಯಲ್ಲಿ ಮೊಗೆದು ಸುರಿದು ಇಬ್ಬರ ತೋಳೂ ಬಿದ್ದುಹೋದವು. ಅತ್ತೆಯವರು ಎದ್ದು ಹೋಗಿ ಒಂದು ಹೊಸ ಮಡಿಕೆ ತಂದರು. ತಳಕ್ಕೆ ಸಣ್ಣ ತೂತು ಕೊರೆದು, ಬತ್ತಿ ತುರುಕಿ, ಜಂತಿಗೆ ಕಟ್ಟೆಂದರು. ಬೇಸಿಗೆಯಲ್ಲಿ ಈಶ್ವರ ಗುಡಿಯ ಲಿಂಗದ ಮೇಲೆ ಕಟ್ಟುತ್ತಾರಲ್ಲ, ಅದೇ ಧಾರೆಯ ಮಡಿಕೆ.

"ದೇವರಿಗೆ ಕಟ್ಟೂದನ್ನ ಮೀನಿಗೆ ಕಟ್ಟಿದ್ರ ಪಾಪ ಬರಂಗಿಲ್ಲೇನ್ರೀ, ಅತ್ತೀ?"

"ಲಿಂಗಪ್ಪ ಸೆಖಿ ಅಂತ ಬಾಯಿಬಿಟ್ಟು ಹೇಳ್ಯಾನೇನು? ಆದ್ರೂ ತಣ್ಣಗ ಇಡತೀವಿ. ಇವು ಬಾಯಿಬಿಟ್ಟು ಹೇಳಾಕತ್ತಾವ. ಸುಮ್ಮ ಹಗ್ಗ ಹಿಡೀಬೇ!"

ಗಾಳಿ ತಡೆಯುತ್ತಿದ್ದ ಬಟ್ಟೆ ತೆಗೆದುಹಾಕಿದೆವು. ಟಪ್ ಟಪ್ ಎಂದು ಹನಿ ಬೀಳುತ್ತಿತ್ತು, ನೀರು ತಳದವರೆಗೂ ಅಲುಗುತ್ತಿತ್ತು. ಪೆಟ್ಟಿಗೆಯಿಂದ ಮೊಗೆದು ಮಡಿಕೆಗೆ, ಮಡಿಕೆಯಿಂದ ಹನಿದು ಮತ್ತೆ ಪೆಟ್ಟಿಗೆಗೆ. ಆ ಬೇಸಿಗೆ ಉಳಿದ ಮೀನುಗಳು ಬದುಕಿದವು. ಶಿವ ಅಷ್ಟು ಕರುಣೆ ತೋರಿದ, ಅದನ್ನು ಇಲ್ಲವೆನ್ನಬಾರದು.

ಮಳೆ ಬಂತು, ಪೇಶಕಾರರು ಬರಲಿಲ್ಲ. ಹೈದರಾಬಾದಿನಿಂದ ಆಪಾ ಅವರ ತಮ್ಮ ಬಂದ. ಬಾವ ಕರಾಚಿಗೆ ಹೋದನೆಂದು ಯಾರೋ ಹೇಳಿದ್ದರು, ಖರೆಯೋ ಸುಳ್ಳೋ. ಅಕ್ಕನೊಬ್ಬಳನ್ನೇ ಇಲ್ಲಿ ಬಿಡುವುದಿಲ್ಲವೆಂದು ಹಟ ಹಿಡಿದ. ಮೀನನ್ನು ಬಾವಿಗೆ ಬಿಟ್ಟು ಬಾ ಎಂದ. ಆಪಾ ಮೀನುಗಳನ್ನು ಹಿತ್ತಾಳೆ ತಪ್ಪೇಲಿಗೆ ಹಾಕಿ, ಅದನ್ನು ಮಡಿಲಲ್ಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದರು. ಅಲ್ಲಿಂದ ಮುಂದೆ ರೈಲು. ಅವರ ಕೈಯಲ್ಲಿ ಒಂದು ಸಣ್ಣ ಗಿಂಡಿ.

ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತಿದ್ದೆ. ಆಪಾ ತಲೆ ಎತ್ತಲಿಲ್ಲ. ಗಿಂಡಿಯಲ್ಲಿ ನೀರು ಮೊಗೆಯುವುದು, ಎತ್ತರದಿಂದ ಸುರಿಯುವುದು... ಮೊಗೆಯುವುದು, ಸುರಿಯುವುದು. ಬುರ್ಖಾದ ತೋಳೆಲ್ಲ ತೊಯ್ದಿತ್ತು. ನನ್ನ ಕಡೆ ನೋಡಿದರೆ ಎಲ್ಲಿ ಕೈ ನಿಲ್ಲುತ್ತದೋ ಎಂಬ ಭಯವಿತ್ತೇನೋ. ಬಸ್ಸು ತಿರುವು ದಾಟಿತು. ಹೈದರಾಬಾದಿನವರೆಗೂ ಆ ಕೈ ತಡೆದೀತೇ ಎಂದು ಆ ರಾತ್ರಿಯೆಲ್ಲ ನೆನೆದೆ. ನೆನೆಯುವುದು ಬಿಟ್ಟರೆ ನನ್ನಿಂದ ಏನಾಗುತ್ತಿತ್ತು...

"ಪೇಶಕಾರರು ಬಂದಿದ್ರಂತೇನು?" ಎಂದು ಕೈಯಲ್ಲಿನ ಪಾಚಿ ಕೆಳಗಿಟ್ಟು ಮೈದುನನನ್ನು ಕೇಳಿದೆ.

"ಕಡೀತನಕ ಬರ್ಲಿಲ್ಲಂತ."

"ಮೀನು? ಮೀನು ಊರು ಮುಟ್ಟಿದ್ವಂತೇನು?"

ಅವನು ನನ್ನ ಮುಖವನ್ನೇ ನೋಡಿದ. "ಅದನ್ನೆಲ್ಲಿ ಕೇಳ್ಲಿ ವೈನೀ? ಆ ಮನಿಶ್ಯಾ ಬಜಾರದಾಗ ನಿಂತು ಅಳಾಕತ್ತಿದ್ದ."

ಇನ್ನು ಯಾರನ್ನು ಕೇಳುವುದು? ಅತ್ತೆಯವರೂ ಹೋದರು. ಈಗ ನಮ್ಮ ರಾಜ್ಯ ಬೇರೆ, ಹೈದರಾಬಾದು ಬೇರೆ. ಅಲ್ಲಿಗೆ ಹೋಗಿ ಕೇಳುವ ಹೆಣ್ಣೂ ನಾನಲ್ಲ. ಆಪಾ ತಮ್ಮನ ಮನೆಯಲ್ಲಿ, ತಮ್ಮವರ ನಡುವೆ ಜೀವ ಬಿಟ್ಟರಂತೆ. ಕೊನೆಗೆ ಬಾಯಿಗೆ ನೀರು ಬಿಡುವವರೊಬ್ಬರು ಹತ್ತಿರವಿದ್ದರಲ್ಲ, ಅಷ್ಟಕ್ಕಾದರೂ ಕೈಮುಗಿಯಬೇಕು. ಮುಗಿದೆ.

ಮಕ್ಕಳು ಸಾಲೆಯಿಂದ ಬರುವ ಹೊತ್ತಾಗಿತ್ತು. ಒಳಗೆ ಹೋಗಿ ಎಸರಿಟ್ಟು, ರೊಟ್ಟಿಗೆ ಜೋಳದ ಹಿಟ್ಟು ಜರಡಿ ಹಿಡಿಯಲು ಕೂತೆ.